ಗೊಬ್ಬರದ ಬೆಲೆಯೂ ಕೊಟ್ಟಿಗೆಯ ಕಥೆಯೂ



ಗೊಬ್ಬರದ ಬೆಲೆ ಏರಿತು ಎಂದ ಕೂಡಲೆ ನಾವು ಹೊಲದ ಕಡೆ ತಿರುಗಿ ನೋಡುತ್ತೇವೆ. ಎಕರೆಗೆ ಎಷ್ಟು ಮೂಟೆ ಬೇಕು, ಮೂಟೆಗೆ ಎಷ್ಟು ಕೊಡಬೇಕು, ಬರುವ ಫಸಲಿನಲ್ಲಿ ಅದು ಗಿಟ್ಟೀತೆ ಎಂದು ಬೆರಳು ಮಡಿಸುತ್ತೇವೆ. ಅದು ಸರಿಯೇ. ಆದರೆ ಅದೇ ಬೆಲೆ ಹಿತ್ತಿಲ ಬಾಗಿಲಿಂದ ಬಂದು ಕೊಟ್ಟಿಗೆಯನ್ನೂ ಹೊಕ್ಕಿರುತ್ತದೆ. ಗೋದಲಿಯಲ್ಲಿ ಹುಲ್ಲು ಕಡಿಮೆಯಾಗಿರುತ್ತದೆ, ಹಿಂಡಿ ತುಟ್ಟಿಯಾಗಿರುತ್ತದೆ, ತಿಪ್ಪೆಗೆ ಗಿರಾಕಿ ಬಂದಿರುತ್ತಾನೆ. ಹೊಲದ ಲೆಕ್ಕ ಗಂಡಸರದು, ಕೊಟ್ಟಿಗೆಯ ಲೆಕ್ಕ ಬಹುಮಟ್ಟಿಗೆ ಹೆಂಗಸರದು. ಅದಕ್ಕೇ ಇರಬೇಕು, ಈ ಎರಡನೆಯ ಲೆಕ್ಕ ಸಭೆಗಳಲ್ಲಿ ಮಾತಿಗೆ ಬರುವುದೇ ಅಪರೂಪ. ಈ ಹೊತ್ತು ಎರಡನ್ನೂ ಸೇರಿಸಿ, ನಮ್ಮ ನಾಡಿನಲ್ಲಿ ಇದು ಹೇಗೆ ನಡೆದು ಬಂತು ಎಂಬುದನ್ನು ಹೇಳಬೇಕೆಂದಿದ್ದೇನೆ.

ಸೀಮೆಗೊಬ್ಬರ ಬರುವುದಕ್ಕೆ ಮೊದಲು ಗೊಬ್ಬರಕ್ಕೆ ಬೆಲೆಯೇ ಇರಲಿಲ್ಲ ಅಂತ ಕೆಲವರು ತಿಳಿದಿದ್ದಾರೆ. ಹಾಗಲ್ಲ. ಬೆಲೆ ಇತ್ತು, ದುಡ್ಡಿನಲ್ಲಿ ಇರಲಿಲ್ಲ, ಅಷ್ಟೆ. ೧೮೦೦ನೆಯ ಇಸವಿಯಲ್ಲಿ ಮದರಾಸಿನಿಂದ ಹೊರಟು ಮೈಸೂರು ಸೀಮೆ, ಕನ್ನಡ ಜಿಲ್ಲೆಗಳನ್ನೆಲ್ಲ ಸುತ್ತಿದ ಬುಕನನ್ ಎಂಬ ವೈದ್ಯ, ನಮ್ಮ ರೈತರು ಸಗಣಿ, ಕಸ, ಬೂದಿಗಳನ್ನು ಗುಂಡಿಯಲ್ಲಿ ಕೂಡಿಟ್ಟು ಹೊಲಕ್ಕೆ ಹೊರುವುದನ್ನು ಕಂಡು ಬರೆದಿಟ್ಟಿದ್ದಾನೆ. ಆ ಗುಂಡಿ ತುಂಬಬೇಕಾದರೆ ರಾಸು ಬೇಕು, ರಾಸಿಗೆ ಹುಲ್ಲು ಬೇಕು, ಹುಲ್ಲಿಗೆ ಗೋಮಾಳ ಬೇಕು. ಮಲೆನಾಡಿನಲ್ಲಿ ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟ ಬೇಕು. ದಕ್ಷಿಣ ಕನ್ನಡದಲ್ಲಿ ವರ್ಗ ಜಮೀನಿನ ಅಂಚಿನಿಂದ ನೂರು ಗಜದೊಳಗಿನ ಸರ್ಕಾರಿ ನೆಲದಲ್ಲಿ ಸೊಪ್ಪು, ಹುಲ್ಲು ತರುವ ಹಕ್ಕು ಇತ್ತು. ಅದಕ್ಕೆ ಕುಮ್ಕಿ ಅಂತ ಹೆಸರು. ಗದ್ದೆಯ ಬೆಲೆಯ ಒಳಗೇ ಆ ಸೊಪ್ಪಿನ ಬೆಲೆಯೂ ಸೇರಿಕೊಂಡಿತ್ತು. ಸೊಪ್ಪಿಲ್ಲದ ಗದ್ದೆಯನ್ನು ಯಾರು ಕೊಳ್ಳುತ್ತಿದ್ದರು?

ಬಯಲುಸೀಮೆಯ ವ್ಯವಸ್ಥೆ ಇನ್ನೂ ಸೊಗಸು. ಸುಗ್ಗಿ ಮುಗಿದು ಹೊಲ ಖಾಲಿಯಾದ ಮೇಲೆ ಕುರುಬರು ಮಂದೆ ಹೊಡೆದುಕೊಂಡು ಊರಿಂದ ಊರಿಗೆ ಹೋಗುತ್ತಾರೆ. ಹಗಲು ಕೂಳೆ ಮೇಯುತ್ತವೆ, ರಾತ್ರಿ ಒಬ್ಬ ರೈತನ ಹೊಲದಲ್ಲಿ ಮಂದೆ ನಿಲ್ಲುತ್ತದೆ. ಹಿಕ್ಕೆ, ಉಚ್ಚೆ ಎರಡೂ ನೆಲಕ್ಕೇ ಬೀಳುತ್ತವೆ. ಗಾಡಿ ಹೂಡುವ ಕೆಲಸವಿಲ್ಲ, ಹೊರುವ ಕೂಲಿ ಇಲ್ಲ, ಗಂಜಲದ ಸತ್ವ ಹರಿದು ಹಾಳಾಗುವುದಿಲ್ಲ. ಇದಕ್ಕೆ ರೈತ ಕುರುಬನಿಗೆ ಜೋಳವನ್ನೋ ರಾಗಿಯನ್ನೋ ಅಳೆದು ಕೊಡುತ್ತಿದ್ದ, ಊಟ ಹಾಕುತ್ತಿದ್ದ. ಒಬ್ಬ ದನಕರು ಸಾಕುವವನು, ಇನ್ನೊಬ್ಬ ಬೆಳೆ ಬೆಳೆಯುವವನು. ಇಬ್ಬರ ನಡುವೆ ಗೊಬ್ಬರವೇ ನಾಣ್ಯ. ಮುಂದೆ ಬೆಲೆಯ ಏರಿಳಿತದ ಮಾತು ಬಂದಾಗಲೆಲ್ಲ ಈ ನಾಣ್ಯವನ್ನು ನೆನಪಿಟ್ಟುಕೊಳ್ಳಿ.

ಆ ಕಾಲದಲ್ಲೂ ಕೊರತೆ ಇತ್ತು. ೧೮೮೯ರಲ್ಲಿ ಇಂಡಿಯಾಕ್ಕೆ ಬಂದು ೧೮೯೩ರಲ್ಲಿ ವರದಿ ಒಪ್ಪಿಸಿದ ವೋಲ್ಕರ್ ಎಂಬ ರಸಾಯನ ಶಾಸ್ತ್ರಜ್ಞ, ಈ ದೇಶದ ರೈತ ಸಗಣಿಯನ್ನು ಸುಡುವುದು ಅಜ್ಞಾನದಿಂದ ಅಲ್ಲ, ಸೌದೆ ಸಿಗದೆ ಎಂದು ತಿಳಿದುಕೊಂಡ. ಎಣ್ಣೆಬೀಜವೂ ಮೂಳೆಯೂ ಹಡಗು ಹತ್ತಿ ಹೊರದೇಶಕ್ಕೆ ಹೋಗುವುದನ್ನೂ ಅವನು ಗಮನಿಸಿದ. ಬೀಜ ಹೋದರೆ ಹಿಂಡಿಯೂ ಹೋದ ಹಾಗೆಯೇ.

ಹಿಂಡಿಯ ಮಾತು ಸ್ವಲ್ಪ ಹೇಳಲೇಬೇಕು. ಹೊಂಗೆ ಹಿಂಡಿ, ಹರಳು ಹಿಂಡಿಗಳನ್ನು ದನ ತಿನ್ನುವುದಿಲ್ಲ. ಅವು ನೇರ ಹೊಲಕ್ಕೆ. ಕಡಲೆಕಾಯಿ ಹಿಂಡಿಯ ಪಾಡು ಬೇರೆ. ನೂರು ಭಾಗದಲ್ಲಿ ಸುಮಾರು ಏಳು ಭಾಗ ಸಾರಜನಕ ಇರುವ ಈ ಹಿಂಡಿ ಕಬ್ಬಿನ ಗದ್ದೆಗೂ ಅಮೃತ, ಕರೆಯುವ ಹಸುವಿಗೂ ಅಮೃತ. ಗದ್ದೆಯವನು ಕೊಂಡರೆ ಹಸುವಿಗಿಲ್ಲ, ಹಸುವಿನವನು ಕೊಂಡರೆ ಗದ್ದೆಗಿಲ್ಲ. ಹೊರಗಿನಿಂದ ಅಮೋನಿಯಂ ಸಲ್ಫೇಟು ಅಗ್ಗವಾಗಿ ಬಂದಾಗ ಕಬ್ಬಿನ ರೈತ ಹಿಂಡಿಯನ್ನು ಬಿಟ್ಟು ಉಪ್ಪಿನಂಥ ಗೊಬ್ಬರವನ್ನು ಹಿಡಿದ. ಹಿಂಡಿ ಕೊಟ್ಟಿಗೆಗೆ ಸಿಕ್ಕಿತು. ಎರಡನೆಯ ಮಹಾಯುದ್ಧದಲ್ಲಿ ಹಡಗು ನಿಂತು ಸಲ್ಫೇಟು ಸಿಗದಾದಾಗ ಹಿಂಡಿ ಮತ್ತೆ ಗದ್ದೆಗೆ ಓಡಿತು. ‘ಹೆಚ್ಚು ಆಹಾರ ಬೆಳೆಯಿರಿ’ ಚಳವಳಿಯಲ್ಲಿ ಹಿಂಡಿಯನ್ನು ಗೊಬ್ಬರವೆಂದೇ ಹಂಚಿದ್ದುಂಟು. ಅಂದರೆ ಗೊಬ್ಬರದ ಅಭಾವವನ್ನು ಹಸುವಿನ ಬಾಯಿಂದ ಕಿತ್ತು ತುಂಬಿದ ಹಾಗಾಯಿತು.

ಕಾರ್ಖಾನೆ ಗೊಬ್ಬರಕ್ಕೆ ಈ ದಕ್ಷಿಣ ದೇಶವೇ ತವರು ಅನ್ನಬಹುದು. ೧೯೦೬ರಲ್ಲಿ ರಾಣಿಪೇಟೆಯಲ್ಲಿ ಸೂಪರ್ ಫಾಸ್ಫೇಟ್ ಕಾರ್ಖಾನೆ ಶುರುವಾಯಿತು. ಮೈಸೂರಿನ ಬಳಿ ಬೆಳಗೊಳದಲ್ಲಿ ಅಮೋನಿಯಂ ಸಲ್ಫೇಟಿನ ಸಣ್ಣ ಕಾರ್ಖಾನೆ ನಡೆಯಿತು. ೧೯೪೭ರಲ್ಲಿ ಕೇರಳದ ಆಲ್ವಾಯಿಯಲ್ಲಿ ದೊಡ್ಡ ಕಾರ್ಖಾನೆ ಉತ್ಪಾದನೆಗೆ ತೊಡಗಿತು. ಅಲ್ಲಿ ಮೊದಮೊದಲು ಕಾಡಿನ ಸೌದೆಯಿಂದ ಅನಿಲ ತೆಗೆದು ಗೊಬ್ಬರ ಮಾಡುತ್ತಿದ್ದರು ಅಂದರೆ ನೀವು ನಂಬಲಾರಿರಿ, ಆದರೂ ನಿಜ. ೧೯೪೪ರಲ್ಲಿ ಕೇಂದ್ರ ಸರ್ಕಾರ ಗೊಬ್ಬರದ ಭಂಡಾರವೊಂದನ್ನು ಮಾಡಿ ಎಲ್ಲೆಡೆಗೂ ಹಂಚುವ ಏರ್ಪಾಡು ಮಾಡಿತು. ೧೯೫೧ರಲ್ಲಿ ಸಿಂದ್ರಿ ಬಂತು. ೧೯೫೭ರಲ್ಲಿ ಗೊಬ್ಬರ ನಿಯಂತ್ರಣದ ಆಜ್ಞೆ ಬಂತು.

ಆಮೇಲೆ ನಮ್ಮ ಮಂಡ್ಯ ಜಿಲ್ಲೆ ಪ್ಯಾಕೇಜ್ ಕಾರ್ಯಕ್ರಮಕ್ಕೆ ಆಯ್ಕೆಯಾಯಿತು, ೧೯೬೬ರ ಸುಮಾರಿಗೆ ಗಿಡ್ಡ ತಳಿಯ ಬತ್ತಗಳು ಬಂದವು. ಗೊಬ್ಬರ ಹಾಕಿದಷ್ಟೂ ತೆನೆ ಬಿಡುವ ಜಾತಿಗಳು. ರೈತರಿಗೆ ಸಂತೋಷವಾಯಿತು, ಆಗಬೇಕಾದ್ದೇ. ಆದರೆ ಹಳೆಯ ಎತ್ತರದ ಬತ್ತ ಕೊಡುತ್ತಿದ್ದ ಉದ್ದ ಹುಲ್ಲು ಹೋಯಿತು. ಗಿಡ್ಡ ತಳಿಯಲ್ಲಿ ಹುಲ್ಲಿನ ಪಾಲು ಕಡಿಮೆ. ಮೂಟೆ ಗೊಬ್ಬರ ಹಾಕಿ ಪೈರು ದಟ್ಟವಾದರೆ ಆ ಕೊರತೆ ತುಂಬುತ್ತದೆ. ಹಾಕದಿದ್ದರೆ ಕಾಳೂ ಹೋಯಿತು, ಮೆದೆಯೂ ಹೋಯಿತು. ಕೊಟ್ಟಿಗೆ ಗೊಬ್ಬರದ ಅಂಗಡಿಗೆ ಕಟ್ಟುಬಿದ್ದದ್ದು ಇಲ್ಲಿಂದ ಎಂದು ನನ್ನ ಎಣಿಕೆ.

ಈಗ ಒಂದು ಲೆಕ್ಕ ಹೇಳುತ್ತೇನೆ, ಬರೆದುಕೊಳ್ಳಿ. ನೀರಾವರಿ ಬತ್ತಕ್ಕೆ ಎಕರೆಗೆ ಸುಮಾರು ೪೦ ಕಿಲೋ ಸಾರಜನಕ ಬೇಕೆಂದು ಶಿಫಾರಸು. ಯೂರಿಯಾದಲ್ಲಿ ನೂರಕ್ಕೆ ೪೬ ಭಾಗ ಸಾರಜನಕ. ಅಂದರೆ ೮೭ ಕಿಲೋ ಯೂರಿಯಾ, ಈಗಿನ ೪೫ ಕಿಲೋ ಮೂಟೆಯಲ್ಲಿ ಎರಡಕ್ಕೆ ಸ್ವಲ್ಪ ಕಡಿಮೆ. ಇಷ್ಟನ್ನೇ ಕೊಟ್ಟಿಗೆ ಗೊಬ್ಬರದಿಂದ ಕೊಡಬೇಕೆಂದರೆ, ಅದರಲ್ಲಿ ನೂರಕ್ಕೆ ಅರ್ಧ ಭಾಗ ಸಾರಜನಕ ಎಂದು ಹಿಡಿದರೂ, ೮ ಟನ್ನು ಬೇಕು. ಗಾಡಿಗೆ ಅರ್ಧ ಟನ್ನಿನಂತೆ ಹದಿನಾರು ಗಾಡಿ. ಅಷ್ಟು ಹಾಕಿದರೂ ಮೊದಲ ವರ್ಷ ಪೈರಿಗೆ ಸಿಕ್ಕುವುದು ಅದರಲ್ಲಿ ಒಂದು ಪಾಲು ಮಾತ್ರ, ಉಳಿದದ್ದು ನಿಧಾನವಾಗಿ ಕರಗಿ ಬರುತ್ತದೆ. ಹೆಗಲ ಮೇಲೆ ಹೊತ್ತು ತರಬಹುದಾದ ಎರಡು ಮೂಟೆಯನ್ನು ಬಿಟ್ಟು ಹದಿನಾರು ಗಾಡಿಗೆ ವಾಪಸು ಹೋಗಿ ಅನ್ನುವುದು ಭಾಷಣಕ್ಕೆ ಸುಲಭ. ಎರಡು ಹಸು ಕಟ್ಟಿರುವವನು ಹದಿನಾರು ಗಾಡಿ ಎಲ್ಲಿಂದ ತರಬೇಕು?

ಮೊದಲ ದೊಡ್ಡ ಪೆಟ್ಟು ಬಿದ್ದದ್ದು ೧೯೭೪ರಲ್ಲಿ. ೧೯೭೩ರ ಕೊನೆಯಲ್ಲಿ ಅರಬ್ ದೇಶಗಳು ಎಣ್ಣೆ ಬಿಗಿ ಹಿಡಿದವು, ಕಚ್ಚಾ ಎಣ್ಣೆಯ ಬೆಲೆ ನಾಲ್ಕರಷ್ಟಾಯಿತು. ಎಣ್ಣೆಗೂ ಗೊಬ್ಬರಕ್ಕೂ ಏನು ನಂಟು ಅಂತ ಕೇಳಬಹುದು. ಯೂರಿಯಾದ ಸಾರಜನಕ ಗಾಳಿಯಿಂದ ಪುಕ್ಕಟೆ ಬರುತ್ತದೆ. ಆದರೆ ಅದರ ಜೊತೆ ಕೂಡಿಸುವ ಜಲಜನಕ ನಾಫ್ತಾದಿಂದಲೋ ನೈಸರ್ಗಿಕ ಅನಿಲದಿಂದಲೋ ಬರಬೇಕು. ಹೀಗಾಗಿ ದೂರದ ಬಾವಿಯಲ್ಲಿ ಎಣ್ಣೆಗೆ ಬೆಲೆ ಕಟ್ಟಿದರೆ ನಮ್ಮೂರ ಸೊಸೈಟಿಯಲ್ಲಿ ಮೂಟೆ ತುಟ್ಟಿಯಾಗುತ್ತದೆ. ೧೯೭೪ರ ಜೂನ್ ತಿಂಗಳಲ್ಲಿ ಯೂರಿಯಾದ ಬೆಲೆ ಟನ್ನಿಗೆ ೧,೦೫೦ ರೂಪಾಯಿಯಿಂದ ಒಮ್ಮೆಗೇ ೨,೦೦೦ಕ್ಕೆ ಹೋಯಿತು. ಐವತ್ತೆರಡೂವರೆ ರೂಪಾಯಿಯ ಮೂಟೆ ನೂರು ರೂಪಾಯಿ. ಅದೂ ಮುಂಗಾರು ಬಿತ್ತನೆಯ ಹೊತ್ತಿಗೆ ಸರಿಯಾಗಿ. ದೇಶದಲ್ಲೆಲ್ಲ ಗೊಬ್ಬರದ ಬಳಕೆ ೧೯೭೩–೭೪ರಲ್ಲಿ ೨೮ ಲಕ್ಷ ಟನ್ನು ಸತ್ವದಷ್ಟಿದ್ದದ್ದು ಮರುವರ್ಷ ೨೬ ಲಕ್ಷಕ್ಕಿಂತ ಕೆಳಗಿಳಿಯಿತು.

ಆಗ ನಮ್ಮ ರೈತರನ್ನು ಕಾಪಾಡಿದ್ದು ತಿಪ್ಪೆ. ಊರಿನಲ್ಲಿ ಎತ್ತುಗಳಿದ್ದವು, ಎಮ್ಮೆಗಳಿದ್ದವು, ಗಾಡಿಗಳಿದ್ದವು. ಕೆರೆಗೋಡು ಹೊಡೆಯುವ ರೂಢಿ ಇನ್ನೂ ಪೂರ್ತಿ ಬಿಟ್ಟುಹೋಗಿರಲಿಲ್ಲ. ಮೂಟೆ ಕೊಳ್ಳಲಾರದವನು ನಾಲ್ಕು ಗಾಡಿ ಹೆಚ್ಚು ತಿಪ್ಪೆಗೊಬ್ಬರ ಹೊಡೆದ. ಇಳುವರಿ ಇಳಿದರೂ ನೆಲ ಬರಿದಾಗಲಿಲ್ಲ. ತಮಾಷೆ ನೋಡಿ, ಅದೇ ೧೯೭೪ರಲ್ಲೇ ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕದಲ್ಲಿ ಹೈನು ಅಭಿವೃದ್ಧಿಯ ಕಾರ್ಪೊರೇಷನ್ ಹುಟ್ಟಿತು. ಅದೇ ಮುಂದೆ ಹಾಲು ಮಹಾಮಂಡಳವಾಗಿ ಬೆಳೆಯಿತು. ಮಿಶ್ರತಳಿಯ ಹಸು ಬಂತು. ನಾಟಿ ಹಸು ಬರಿಯ ಹುಲ್ಲು ತಿಂದು ಎರಡು ಸೇರು ಕೊಟ್ಟೀತು. ಇವಕ್ಕೆ ಹಸಿರು ಮೇವು ಬೇಕು, ಹಿಂಡಿ ಬೂಸಾ ಬೇಕು. ಹಸಿರು ಮೇವಿನ ಜೋಳಕ್ಕೂ ಆನೆಹುಲ್ಲಿಗೂ ಪ್ರತಿ ಕಟಾವಿನ ಮೇಲೆ ಯೂರಿಯಾ ಬೇಕು. ಹಾಲಿನ ಉಪಕಾರ ಸಣ್ಣದಲ್ಲ, ಎಷ್ಟೋ ಮನೆಗಳಲ್ಲಿ ಅಡಿಗೆಯ ಒಲೆ ಉರಿದದ್ದು ಹಾಲಿನ ಬಟವಾಡೆಯಿಂದ. ಆದರೆ ಹಾಲಿನವನು ತಾನು ಗೊಬ್ಬರದ ಗಿರಾಕಿ ಅಲ್ಲ ಅಂದುಕೊಂಡಿದ್ದರೆ ಅದು ಸರಿಯಲ್ಲ.

ಪಣಂಬೂರಿನಲ್ಲಿ ಮಂಗಳೂರು ರಸಗೊಬ್ಬರ ಕಾರ್ಖಾನೆ ೧೯೭೬ರಲ್ಲಿ ಶುರುವಾಯಿತು. ೧೯೭೭ರಲ್ಲಿ ಸರ್ಕಾರ ಕಾರ್ಖಾನೆಗೆ ತಗಲುವ ಖರ್ಚಿಗೂ ರೈತ ಕೊಡುವ ಬೆಲೆಗೂ ನಡುವಿನ ವ್ಯತ್ಯಾಸವನ್ನು ತಾನೇ ತುಂಬುವ ಪದ್ಧತಿ ತಂದಿತು. ೧೯೭೯ರ ಹೊತ್ತಿಗೆ ಯೂರಿಯಾ ಟನ್ನಿಗೆ ೧,೪೫೦ಕ್ಕೆ ಇಳಿದಿತ್ತು. ೧೯೮೦ರ ಜೂನಿನಲ್ಲಿ ಮತ್ತೆ ೨,೦೦೦. ಮರುತಿಂಗಳು, ಜುಲೈ ೨೧ರಂದು, ನವಲಗುಂದ ನರಗುಂದಗಳ ರೈತ ಬಂಡಾಯ. ಅದರ ಮುಖ್ಯ ಕಾರಣ ಮಲಪ್ರಭಾ ಅಚ್ಚುಕಟ್ಟಿನ ಬೆಟರ್‌ಮೆಂಟ್ ಕರ, ಗೊಬ್ಬರವಲ್ಲ. ಆದರೂ ಹತ್ತಿ ಬೆಳೆಯುವವನ ಕೈಗೆ ಬರುವ ಬೆಲೆ ಇಳಿದು, ಕೈಬಿಟ್ಟು ಹೋಗುವ ಖರ್ಚು ಏರಿದ್ದ ಕಾಲ ಅದು ಎಂಬುದನ್ನು ಮರೆಯಬಾರದು.

೧೯೯೧–೯೨ರ ಕಥೆ ಇನ್ನೊಂದು ತರಹ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಕೇಡು ಮಾಡಿದ್ದು ಇದೇ. ೧೯೯೧ರ ಜುಲೈ ಬಜೆಟ್ಟಿನಲ್ಲಿ ಗೊಬ್ಬರದ ಬೆಲೆಯನ್ನು ನೂರಕ್ಕೆ ೪೦ ಏರಿಸಿದರು. ಗಲಾಟೆಯಾಗಿ ಅದನ್ನು ೩೦ಕ್ಕೆ ಇಳಿಸಿದರು. ಮರುವರ್ಷ ೧೯೯೨ರ ಆಗಸ್ಟ್ ೨೫ರಂದು ರಂಜಕ, ಪೊಟ್ಯಾಷ್ ಗೊಬ್ಬರಗಳ ಮೇಲಿನ ಬೆಲೆ ಹತೋಟಿಯನ್ನು ತೆಗೆದುಬಿಟ್ಟರು, ಯೂರಿಯಾವನ್ನು ಮಾತ್ರ ಹತೋಟಿಯಲ್ಲಿಟ್ಟು ಅದರ ಬೆಲೆಯನ್ನು ಇಳಿಸಿದರು. ಯೂರಿಯಾ ಮೂಟೆ ೧೫೩ರಿಂದ ೧೩೮ಕ್ಕೆ ಇಳಿಯಿತು. ೮೫ ರೂಪಾಯಿಗೆ ಸಿಗುತ್ತಿದ್ದ ಪೊಟ್ಯಾಷ್ ಮೂಟೆ ಎರಡರಷ್ಟಕ್ಕೂ ಮೀರಿ ಹೋಯಿತು. ರೈತ ಏನು ಮಾಡ್ತಾನೆ? ಅಗ್ಗವಾದದ್ದನ್ನು ಹಾಕ್ತಾನೆ. ಪೈರು ಕಪ್ಪಗೆ ಹಸಿರಾಗಿ ಕಾಣುತ್ತದೆ, ಕಣ್ಣಿಗೆ ತಂಪು. ದೇಶದ ಲೆಕ್ಕದಲ್ಲಿ ಒಂದು ಪಾಲು ಪೊಟ್ಯಾಷಿಗೆ ಸಾರಜನಕ ೫.೯ ಇದ್ದದ್ದು ಒಂದೇ ವರ್ಷದಲ್ಲಿ ೯.೫ ಆಯಿತು.

ಪೊಟ್ಯಾಷ್ ಕಡಿಮೆಯಾದರೆ ತೆಂಗು, ಬಾಳೆ, ಕಬ್ಬು, ಅಡಿಕೆ ಸೊರಗುತ್ತವೆ. ಬತ್ತದ ದಂಟು ಮೆತ್ತಗಾಗಿ ಪೈರು ಮಲಗುತ್ತದೆ. ಮಲಗಿದ ಪೈರಿನ ಹುಲ್ಲು ಕೊಳೆತು ಮೆದೆಗೆ ಬಾರದು. ಪೊಟ್ಯಾಷ್ ತೂಗಬೇಕಾದ ಇನ್ನೊಂದು ಮನೆ ಗಂಜಲ. ದನ ತಿಂದ ಪೊಟ್ಯಾಷಿನಲ್ಲಿ ಬಹುಪಾಲು ಗಂಜಲದಲ್ಲೇ ಹೊರಬರುತ್ತದೆ. ಮಣ್ಣಿನ ನೆಲದ ಕೊಟ್ಟಿಗೆಯಲ್ಲಿ ಅದು ಇಂಗಿ ಹೋಗುತ್ತದೆ. ಮೂಟೆ ಅಗ್ಗವಿದ್ದ ಕಾಲದಲ್ಲಿ ಯಾರೂ ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ.

ಇದೇ ಕಾಲಕ್ಕೆ ತಿಪ್ಪೆಯ ಸ್ಥಿತಿಯೂ ಬದಲಾಗುತ್ತಿತ್ತು. ಟ್ರ್ಯಾಕ್ಟರು ಬಂದು ಎತ್ತಿನ ಜೋಡಿ ಮನೆಬಿಟ್ಟಿತು. ಗೋಮಾಳ ಒತ್ತುವರಿಯಾಯಿತು. ಎರಡು ಬೆಳೆ ಬೆಳೆಯುವ ಕಡೆ ಹೊಲ ಖಾಲಿ ಬೀಳುವುದೇ ಇಲ್ಲ, ಕುರಿ ಮಂದೆಗೆ ಜಾಗವೆಲ್ಲಿ? ಮೂಟೆ ಅಗ್ಗವಾಗಿದ್ದ ವರ್ಷಗಳಲ್ಲಿ ಕುರುಬನನ್ನು ಕರೆಯುವವರೂ ಕಡಿಮೆಯಾದರು, ಬೆಳೆ ಮೇಯುತ್ತವೆಂದು ಓಡಿಸುವವರು ಹೆಚ್ಚಾದರು. ಮೂಟೆ ತುಟ್ಟಿಯಾದಾಗ ಅದೇ ಜನ ಅವನನ್ನು ಹುಡುಕಿಕೊಂಡು ಹೋದರು. ಜೋಳದ ಲೆಕ್ಕ ಹೋಗಿ ರಾತ್ರಿಗೆ ಇಷ್ಟು ರೂಪಾಯಿ ಎಂಬ ಲೆಕ್ಕ ಬಂತು. ಗೊಬ್ಬರ ತುಟ್ಟಿಯಾದಾಗ ಲಾಭ ಕಂಡ ಒಂದು ವರ್ಗ ಅಂದರೆ ಇದೇ. ಅದನ್ನು ನಾನು ಆಕ್ಷೇಪಿಸುವುದಿಲ್ಲ, ಬಿಸಿಲು ಮಳೆಯಲ್ಲಿ ತಿರುಗುವವರಿಗೆ ಅಷ್ಟಾದರೂ ಸಿಗಲಿ.

ಆದರೆ ತಿಪ್ಪೆ ಮಾರಾಟದ್ದು ಇನ್ನೊಂದು ಮುಖ ಇದೆ. ಚಿತ್ರದುರ್ಗ, ದಾವಣಗೆರೆ ಕಡೆಯ ಬಯಲಿನಿಂದ ಕುರಿಗೊಬ್ಬರ, ದನದ ಗೊಬ್ಬರ ಲಾರಿ ತುಂಬಿ ಮಲೆನಾಡಿನ ಕಾಫಿ, ಅಡಿಕೆ ತೋಟಗಳಿಗೆ ಹೋಗುತ್ತದೆ. ಮೂಟೆ ತುಟ್ಟಿಯಾದಷ್ಟೂ ಲೋಡಿಗೆ ಬೆಲೆ. ದುಡ್ಡಿನ ಬೆಳೆ ಇರುವವನು ಕೊಳ್ಳಬಲ್ಲ. ರಾಗಿ, ಸಜ್ಜೆ ಬೆಳೆಯುವವನು ಕೊಳ್ಳಲಾರ. ದನದ ಮಾಲೀಕನಿಗೆ ಕೈಗೆ ಕಾಸು ಬಂತು, ಅವನ ಪಕ್ಕದ ಹೊಲದ ಒಣ ಬೇಸಾಯಗಾರನಿಗೆ ಇದ್ದ ಒಂದು ಆಸರೆಯೂ ಲಾರಿ ಹತ್ತಿ ಘಾಟಿಯ ಕಡೆ ಹೋಯಿತು. ಎಷ್ಟೋ ಸಲ ಈ ಇಬ್ಬರೂ ಒಬ್ಬನೇ. ಕಾಸಿನ ತುರ್ತಿಗೆ ಲೋಡು ಮಾರಿ, ಮುಂಗಾರಿನಲ್ಲಿ ತನ್ನ ಹೊಲಕ್ಕೆ ಮೂಟೆ ಸಾಲ ತರುತ್ತಾನೆ.

೨೦೦೮ರಲ್ಲಿ ಬೆಲೆ ಬೇರೆ ವೇಷದಲ್ಲಿ ಬಂತು. ಹೊರದೇಶದ ಪೇಟೆಯಲ್ಲಿ ಡಿ.ಎ.ಪಿ. ಟನ್ನಿಗೆ ಸಾವಿರ ಡಾಲರು ದಾಟಿತು. ನಮ್ಮಲ್ಲಿ ಮಾರುವ ಬೆಲೆ ಮಾತ್ರ ಟನ್ನಿಗೆ ೯,೩೫೦ ರೂಪಾಯಿಯಲ್ಲೇ ನಿಂತಿತ್ತು. ಬೆಲೆ ಏರಲಿಲ್ಲ, ಸರಿ; ಗೊಬ್ಬರವೇ ಸಿಗಲಿಲ್ಲ. ಜೂನ್ ೧೦ರಂದು ಹಾವೇರಿಯಲ್ಲಿ ಬಿತ್ತನೆಯ ಗೊಬ್ಬರಕ್ಕಾಗಿ ಸೇರಿದ್ದ ರೈತರ ಮೇಲೆ ಪೋಲೀಸರು ಗುಂಡು ಹಾರಿಸಿದರು. ಇಬ್ಬರು ರೈತರು ಸತ್ತರು. ಮಳೆ ಬಿದ್ದಿದೆ, ಹದ ಇದೆ, ಬೀಜ ಮನೆಯಲ್ಲಿದೆ, ಬುಡಗೊಬ್ಬರ ಇಲ್ಲ. ಹದ ಕಾಯುವುದಿಲ್ಲ. ಆ ನಾಲ್ಕು ದಿನದ ಸಂಕಟ ಬೇಸಾಯ ಮಾಡದವರಿಗೆ ಹೇಳಿದರೆ ತಿಳಿಯುವುದು ಕಷ್ಟ.

೨೦೧೦ರ ಏಪ್ರಿಲಿನಲ್ಲಿ ಸತ್ವದ ಆಧಾರದ ಮೇಲೆ ಸಹಾಯಧನ ಕೊಡುವ ಪದ್ಧತಿ ಬಂತು. ಅದರಲ್ಲೂ ಯೂರಿಯಾವನ್ನು ಹೊರಗಿಟ್ಟರು. ೪೭೦ ರೂಪಾಯಿಯ ಹತ್ತಿರವಿದ್ದ ಡಿ.ಎ.ಪಿ. ಮೂಟೆ ಎರಡು ವರ್ಷದಲ್ಲಿ ೧,೨೦೦ರ ಆಸುಪಾಸಿಗೆ ಹೋಯಿತು. ಯೂರಿಯಾ ಮೂಟೆ ೨೬೮. ೧೯೯೨ರಲ್ಲಿ ಆದದ್ದೇ ಮತ್ತೆ ಆಯಿತು.

೨೦೨೧ರಲ್ಲಿ ಮತ್ತೆ ಜಗತ್ತಿನ ಪೇಟೆ ಕೆರಳಿತು. ಏಪ್ರಿಲಿನಲ್ಲಿ ಡಿ.ಎ.ಪಿ. ಮೂಟೆ ೧,೯೦೦ ಎಂದು ಪ್ರಕಟಣೆ ಬಂತು. ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಮೂಟೆಗೆ ಕೊಡುತ್ತಿದ್ದ ಸಹಾಯಧನವನ್ನು ೫೦೦ರಿಂದ ೧,೨೦೦ಕ್ಕೆ ಏರಿಸಿ ರೈತನ ಬೆಲೆಯನ್ನು ೧,೨೦೦ರಲ್ಲೇ ನಿಲ್ಲಿಸಿತು. ೨೦೨೨ರಲ್ಲಿ ಯುಕ್ರೇನ್ ಯುದ್ಧ. ರಷ್ಯ, ಬೆಲರೂಸ್ ದೇಶಗಳು ಪೊಟ್ಯಾಷಿನ ಗಣಿ ಇರುವ ದೇಶಗಳು. ನಮಗೋ ಪೊಟ್ಯಾಷೆಲ್ಲ ಹೊರಗಿನಿಂದಲೇ ಬರಬೇಕು. ಸಾವಿರದ ಆಸುಪಾಸಿನಲ್ಲಿದ್ದ ಪೊಟ್ಯಾಷ್ ಮೂಟೆ ೧,೭೦೦ ಆಯಿತು, ಡಿ.ಎ.ಪಿ. ೧,೩೫೦. ಆ ವರ್ಷ ಸರ್ಕಾರದ ಗೊಬ್ಬರ ಸಹಾಯಧನ ಎರಡೂವರೆ ಲಕ್ಷ ಕೋಟಿ ರೂಪಾಯಿ ದಾಟಿತು. ಈ ಹಣ ಬಾರದಿದ್ದರೆ ಏನಾಗುತ್ತಿತ್ತು ಎಂದು ಊಹಿಸಲೂ ಭಯ.

ಆದರೆ ಹಿಂಡಿಗೆ, ಬೂಸಕ್ಕೆ ಸಹಾಯಧನ ಇಲ್ಲ. ಮುಸುಕಿನ ಜೋಳ ತುಟ್ಟಿಯಾಯಿತು, ಜೋಳದಿಂದ ಮಾಡುವ ಪಶು ಆಹಾರ ತುಟ್ಟಿಯಾಯಿತು, ಕೋಳಿ ಸಾಕುವವರ ಕಷ್ಟವಂತೂ ಕೇಳಲೇಬೇಡಿ. ನಂದಿನಿ ಹಾಲಿನ ಬೆಲೆಯನ್ನು ೨೦೨೨ರ ನವೆಂಬರಿನಲ್ಲಿ ಲೀಟರಿಗೆ ೨ ರೂಪಾಯಿ, ೨೦೨೩ರ ಆಗಸ್ಟಿನಲ್ಲಿ ೩ ರೂಪಾಯಿ ಏರಿಸಬೇಕಾಯಿತು. ಹಿಂಡಿಯ ಬೆಲೆ ಏರಿದ ದಿನಕ್ಕೂ ಹಾಲಿನ ಬೆಲೆ ಏರಿದ ದಿನಕ್ಕೂ ನಡುವೆ ಇರುವ ತಿಂಗಳುಗಳ ನಷ್ಟವನ್ನು ಹೊತ್ತವರು ಹಸು ಕಟ್ಟಿದವರೇ. ೧೯೭೪ರಲ್ಲಿ ಇದ್ದ ತಿಪ್ಪೆಯ ಆಸರೆ ಈ ಸಲ ಅಷ್ಟಿರಲಿಲ್ಲ. ೨೦೧೨ರ ಗಣತಿಯಲ್ಲಿ ಕರ್ನಾಟಕದಲ್ಲಿ ದನಗಳು ೯೫ ಲಕ್ಷದಷ್ಟಿದ್ದವು. ೨೦೧೯ರ ಗಣತಿಯಲ್ಲಿ ೮೫ ಲಕ್ಷದ ಹತ್ತಿರ. ಕುರಿ ಮಾತ್ರ ಹೆಚ್ಚಿ ಒಂದು ಕೋಟಿ ದಾಟಿತು.

ಮೂಟೆಗೂ ಮೇವಿಗೂ ನೇರವಾದ ಒಂದು ನಂಟಿದೆ, ಹೇಳಿಬಿಡುತ್ತೇನೆ. ನೂರು ಕಿಲೋ ಒಣ ಹುಲ್ಲಿಗೆ ೪ ಕಿಲೋ ಯೂರಿಯಾವನ್ನು ೫೦–೬೦ ಲೀಟರು ನೀರಿನಲ್ಲಿ ಕರಗಿಸಿ ಪದರ ಪದರವಾಗಿ ಚಿಮುಕಿಸಿ, ಗಾಳಿಯಾಡದಂತೆ ಮುಚ್ಚಿ ಮೂರು ನಾಲ್ಕು ವಾರ ಇಟ್ಟರೆ ಹುಲ್ಲು ಮೃದುವಾಗಿ ದನಕ್ಕೆ ಹೆಚ್ಚು ದಕ್ಕುತ್ತದೆ. ಯೂರಿಯಾವನ್ನು ಹಾಗೇ ನೀರಿನಲ್ಲೋ ಬೂಸದಲ್ಲೋ ಕೊಟ್ಟರೆ ವಿಷ, ದನ ಸಾಯುತ್ತದೆ. ಯೂರಿಯಾ ಕಲಸಿದ ಬಕೀಟನ್ನು ಕರುಗಳ ಬಳಿ ಬಿಡಬೇಡಿ. ಹಿಂಡಿ ತುಟ್ಟಿಯಾದ ವರ್ಷಗಳಲ್ಲಿ ಈ ಕ್ರಮವನ್ನು ಹಳ್ಳಿಗಳಲ್ಲಿ ಮತ್ತೆ ಮತ್ತೆ ತೋರಿಸುತ್ತಾ ಬಂದಿದ್ದಾರೆ. ಹಿಡಿದವರು ಕಡಿಮೆ, ಹುಲ್ಲು ಮುಚ್ಚಿಡುವ ಕೆಲಸವೂ ನೀರು ಹೊರುವ ಕೆಲಸವೂ ಮನೆಯ ಹೆಂಗಸಿನ ಮೇಲೇ ಬೀಳುತ್ತದೆ ಎಂಬುದನ್ನು ತೋರಿಸುವವರು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ.

೨೦೨೫ರ ಮುಂಗಾರಿನಲ್ಲಿ ಕೊಪ್ಪಳ, ಗದಗ, ಧಾರವಾಡದ ಕಡೆ ಯೂರಿಯಾಕ್ಕಾಗಿ ಅಂಗಡಿ, ಸೊಸೈಟಿಗಳ ಮುಂದೆ ಸಾಲು ನಿಂತಿತು. ಮೂಟೆಯ ಮೇಲೆ ಅಚ್ಚು ಹಾಕಿದ ಬೆಲೆ ೨೬೬ ರೂಪಾಯಿ ೫೦ ಪೈಸೆ, ಏರಿಯೇ ಇರಲಿಲ್ಲ. ಮಳೆ ಬೇಗ ಬಂದು ಮುಸುಕಿನ ಜೋಳ ಹೆಚ್ಚು ಬಿತ್ತನೆಯಾಗಿತ್ತು, ಮೂಟೆ ಮಾತ್ರ ಸಾಲದೆ ಬಂತು. ಬೆಳಗಿನ ಹಾಲು ಕರೆದು ಡೈರಿಗೆ ಹಾಕಿ ಬಂದು ಸಾಲಿನಲ್ಲಿ ನಿಂತವರು ಅದರಲ್ಲಿ ಎಷ್ಟು ಜನವೋ. ಅವರು ಬೆಳೆಯಲು ಹೊರಟಿದ್ದ ಜೋಳದಲ್ಲಿ ದೊಡ್ಡ ಪಾಲು ಕೋಳಿಗೂ ದನಕ್ಕೂ ಆಹಾರವಾಗಿ, ಮೂಟೆ ಕಟ್ಟಿಸಿಕೊಂಡು, ಅವರ ಕೊಟ್ಟಿಗೆಗೇ ದುಡ್ಡಿಗೆ ವಾಪಸು ಬರುವಂಥದ್ದು.